ಅರ್ಧ ಸೈಲೆನ್ಸರ್

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಆ ಪಿಕಪ್ಪಿಗೆ ‘ರಣಗಾಡಾ’ ಎಂದು ಹೆಸರಿಟ್ಟಿದ್ದರು. ಮರಾಠಿಯಲ್ಲಿ ಯುದ್ಧದ ಟ್ಯಾಂಕಿಗೆ ಹಾಗೆನ್ನುತ್ತಾರೆ. ಹೆಸರು ತಕ್ಕದ್ದೇ ಆಗಿತ್ತು. ದಿನಾ ಬೆಳಗಿನ ಜಾವ ಮೂರೂವರೆಗೆ ಹಿಂದಿನ ಓಣಿಯಲ್ಲಿ ಅದು ಸ್ಟಾರ್ಟ್ ಆಗುತ್ತಿತ್ತು. ಮೊದಲು ಢಂ ಎಂದು ಒಂದು ಸದ್ದು, ಆಮೇಲೆ ಐದು ನಿಮಿಷ ಒಂದೇ ಸಮನೆ ಗುಡುಗು. ಗೇರು ಬಿದ್ದು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನ ಕಡೆ ಹೊರಟರೆ ಮುಖ್ಯರಸ್ತೆ ಮುಟ್ಟುವವರೆಗೂ ಕೇಳುತ್ತಿತ್ತು. ನಾಲ್ಕನೆಯ ಮಹಡಿಯ ನಮ್ಮ ಕೋಣೆಯ ಕಿಟಕಿ ಗಾಜು ಸಣ್ಣಗೆ ನಡುಗುತ್ತಿತ್ತು. ಕೆಳಗಿನ ಮನೆಯಲ್ಲಿ ಎಂಟು ತಿಂಗಳ ಕೂಸು, ಎದುರು ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಅಜ್ಜ. ಇಬ್ಬರೂ ಆ ಹೊತ್ತಿಗೆ ಎದ್ದು ಕೂರುತ್ತಿದ್ದರು. ತೊಂದರೆ ನಿಜವಾದದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವ ಮಾತುಗಳಲ್ಲಿ ಅದು ಮರೆತುಹೋಗಬಾರದು.

ನಾನು ಪುಣೆಗೆ ಬಂದು ಹದಿನೇಳು ವರ್ಷ, ಹಡಪ್ಸರಿನ ಈ ಮನೆಗೆ ಬಂದು ಎಂಟು ವರ್ಷ. ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಎಸ್ಕಲೇಶನ್ ಬರೆದು ಕೈ ಪಳಗಿದವನೆಂದು ಸೊಸೈಟಿಯ ಸೆಕ್ರೆಟರಿ ದೂರಿನ ಕರಡನ್ನು ನನಗೇ ಒಪ್ಪಿಸಿದರು. ಒಂದು ಶನಿವಾರ ಕೂತು ಬರೆದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45 ಡೆಸಿಬೆಲ್. ನನ್ನ ಫೋನಿನ ಆ್ಯಪ್ ಕಿಟಕಿ ಮುಚ್ಚಿದ್ದಾಗಲೇ 63 ತೋರಿಸಿತ್ತು. ಫೋನಿನ ಅಳತೆ ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಆದರೆ ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಹಾಗಾಗಿ ಐದಾರು ಡೆಸಿಬೆಲ್ ತಪ್ಪಿದ್ದರೂ ನಮ್ಮ ವಾದಕ್ಕೆ ಧಕ್ಕೆ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಶಬ್ದದ ಮಾನದಂಡ ಮೀರಿದ ಗಾಡಿ ಓಡಿಸುವವನಿಗೆ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಇದನ್ನೆಲ್ಲ ಅಂಕಿ ಹಾಕಿ ಜೋಡಿಸಿದೆ. ಓದಿದ ಸೆಕ್ರೆಟರಿ ಹೆಬ್ಬೆರಳಿನ ಚಿತ್ರ ಮೂರು ಕಳಿಸಿದರು.

ದೂರು ಹೋಗಬೇಕಾಗಿದ್ದದ್ದು ಸೋಮವಾರ. ಭಾನುವಾರ ರಾತ್ರಿ ನಮ್ಮ ತಂಡದ ರಿಲೀಸ್ ಇತ್ತು. ಹೈದರಾಬಾದಿನಲ್ಲಿ ಮಲಗಿದ್ದ ಒಬ್ಬ ಹುಡುಗನಿಗೆ ಎರಡು ಗಂಟೆಗೆ ಫೋನ್ ಮಾಡಿ ಎಬ್ಬಿಸಿ ಕೆಲಸ ಮುಗಿಸುವಾಗ ಮೂರೂ ಕಾಲು. ನಿದ್ದೆ ಹಾರಿಹೋಗಿತ್ತು. ಪಿಕಪ್ಪಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡರೆ ದೂರಿಗೆ ಲಗತ್ತಿಸಬಹುದೆಂದು ಕೆಳಗಿಳಿದು ಓಣಿಗೆ ಹೋದೆ. ತಗಡಿನ ಮನೆಗಳ ಸಾಲಿನ ಮುಂದೆ, ಬೀದಿದೀಪದ ಕೆಳಗೆ, ಒಬ್ಬರು ಖಾಲಿ ಕ್ರೇಟುಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದರು. ನಮ್ಮ ಗೇಟಿನಲ್ಲಿ ಏಳು ಗಂಟೆಗೆ ತರಕಾರಿ ಮಾರುವ ಕಾಕಾ. ನನ್ನ ಹೆಂಡತಿ ವರ್ಷಗಳಿಂದ ಅವರ ಹತ್ತಿರವೇ ಮೆಂತ್ಯದ ಸೊಪ್ಪು ಕೊಳ್ಳುತ್ತಾಳೆ, ಮರಾಠಿಯಲ್ಲಿ ಚೌಕಾಶಿ ಮಾಡಿ. ಗಾಡಿಯ ಮೇಲೆ ನಿಂತಿದ್ದ ಮಗನಿಗೆ ಕಾಕಾ ಹೇಳಿದರು: “ಲೇ, ಹಗ್ಗ ಬಿಗೀಲೇ, ಮೊನ್ನಿನಂಗ ಮಾಡಬ್ಯಾಡ.”

ನಾನು ಫೋನನ್ನು ಜೇಬಿಗೆ ಹಾಕಿದೆ. “ಕಾಕಾ, ಯಾವೂರ್ರೀ ನಿಮ್ದು?”

“ಇಂಡಿ ತಾಲೂಕ್ರೀ, ಬಿಜಾಪುರ ಜಿಲ್ಲಾ.” ಒಂದು ಕ್ಷಣ ಸುಮ್ಮನೆ ನೋಡಿದರು. “ನೀವು ಕನ್ನಡದವರೇನ್ರೀ? ಇಷ್ಟ ವರ್ಷ ಆಯ್ತು, ಗೊತ್ತೇ ಇರಲಿಲ್ಲ ನೋಡ್ರೀ.”

ಹಾವೇರಿ ಕಡೆಯವನೆಂದೆ. ಊರು, ಮಳೆ, ಮಕ್ಕಳು ಎಲ್ಲ ಆದಮೇಲೆ ಸೈಲೆನ್ಸರಿನ ಮಾತು ತೆಗೆದೆ. ಅವರೇನೂ ಬೆಚ್ಚಲಿಲ್ಲ. “ಗೊತ್ತದ್ರೀ ಸಾಹೇಬ್ರ. ನಿಮಗ ಐದು ನಿಮಿಷ ಕೇಳ್ತದ. ನನಗ ಹೋಗೋತನಾ, ಬರೋತನಾ. ಕಿವಿಯೊಳಗ ಜೀರುಂಡಿ ಕುಂತಂಗ ಆಗ್ಯಾದ.” ಚಳಿಗಾಲದಲ್ಲಿ ಗಾಜು ಏರಿಸಿದರೆ ಕ್ಯಾಬಿನ್ನಿನೊಳಗೆ ಹೊಗೆ ಬಂದು ತಲೆ ನೋಯುತ್ತದಂತೆ. ಎರಡು ಸಲ ಗ್ಯಾಸ್ ವೆಲ್ಡಿಂಗ್ ಮಾಡಿಸಿದ್ದರು. ಎರಡೆರಡು ತಿಂಗಳಿಗೇ ಮತ್ತೆ ಬಾಯಿ ಬಿಟ್ಟಿತು. ಪೂರಾ ಬದಲಿಸಬೇಕೆಂದರೆ ರೊಕ್ಕ ಬೇಕು, ಗಾಡಿ ಒಂದು ದಿನ ನಿಲ್ಲಬೇಕು, ಆ ದಿನದ ಮಾಲು ಹೋಗಬೇಕು.

ಸೋಮವಾರ ದೂರು ಕಳಿಸಲಿಲ್ಲ. ಹಾಗೆಂದು ಮನಸ್ಸಿಗೆ ಸಮಾಧಾನವೂ ಆಗಲಿಲ್ಲ. ನಾನು ಮೆತ್ತಗಾದದ್ದು ನ್ಯಾಯ ಕಂಡೋ, ಕನ್ನಡ ಕೇಳಿಯೋ? ಅದೇ ಓಣಿಗೆ ನೀರಿನ ಟ್ಯಾಂಕರ್ ತರುವ ಚಾಲಕ ಭೋಜಪುರಿ ಮಾತಾಡುವವನು. ಅವನ ಹಾರ್ನಿನ ಬಗ್ಗೆ ಹಿಂದಿನ ವರ್ಷ ನಾನೇ ದೂರು ಕೊಟ್ಟು ಗುತ್ತಿಗೆದಾರನಿಂದ ದಂಡ ಕಡಿಸಿದ್ದೆ. ಅವನ ಊರು ಯಾವುದೆಂದು ಕೇಳಿರಲಿಲ್ಲ. ಪರವೂರಿನಲ್ಲಿರುವ ನಮಗೆ ಈ ಖಾಯಿಲೆ ಇದೆ. ನಮ್ಮ ಭಾಷೆ ಕೇಳಿದ ಕೂಡಲೇ ಎದುರಿನವನು ‘ಸಮಸ್ಯೆ’ಯಿಂದ ‘ಮನುಷ್ಯ’ನಾಗುತ್ತಾನೆ. ಭಾಷೆ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಆ ಬಾಗಿಲು ಕನ್ನಡಕ್ಕೆ ಮಾತ್ರ ತೆರೆಯುವುದಾದರೆ ನನ್ನ ದಯೆಯೂ ಒಂದು ಬಗೆಯ ಪಕ್ಷಪಾತವೇ. ಆದ್ದರಿಂದ ಕಾಕಾ ಯಾವ ಭಾಷೆಯವರೇ ಆಗಿದ್ದರೂ ನಿಲ್ಲುವಂಥ ಕಾರಣವನ್ನು ಹುಡುಕಬೇಕಾಯಿತು.

ಹುಡುಕಿದಾಗ ಮೊದಲು ನೆನಪಾದದ್ದು ಹಿಂದೊಮ್ಮೆ ಓದಿದ್ದ ಲಂಡನ್ನಿನ ಒಂದು ಮೊಕದ್ದಮೆ, ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್. ತೀರ್ಪು ಬಂದದ್ದು 1879ರಲ್ಲಿ. ವಿಗ್ಮೋರ್ ಸ್ಟ್ರೀಟಿನಲ್ಲಿ ಒಬ್ಬ ಮಿಠಾಯಿಗಾರ ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳನ್ನಿಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಟ್ಟುತ್ತ ಬಂದಿದ್ದ. ಹಿಂದುಗಡೆಯ ಮನೆಗೆ ಬಂದ ಡಾಕ್ಟರು ಕೆಲವು ವರ್ಷಗಳ ನಂತರ ತಮ್ಮ ತೋಟದ ತುದಿಯಲ್ಲಿ, ಅದೇ ಅಡುಗೆಮನೆಯ ಗೋಡೆಗೆ ತಾಗಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಕುಟ್ಟುವ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳುವುದು ಹೇಗೆ? ಡಾಕ್ಟರು ಮೊಕದ್ದಮೆ ಹೂಡಿದರು, ಗೆದ್ದರು. ಒರಳು ನಿಂತಿತು.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಬರೆದ ‘ಸಾಮಾಜಿಕ ವೆಚ್ಚದ ಸಮಸ್ಯೆ’ ಎಂಬ ಲೇಖನದಲ್ಲಿ ಈ ಮೊಕದ್ದಮೆಯನ್ನು ಎತ್ತಿಕೊಂಡರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಮಾತಿನ ಸಾರ ಇಷ್ಟು: ಮಿಠಾಯಿಗಾರ ಡಾಕ್ಟರಿಗೆ ತೊಂದರೆ ಕೊಡುತ್ತಿದ್ದಾನೆ ಎಂದಷ್ಟೇ ನೋಡಿದರೆ ಅರ್ಧ ನೋಡಿದಂತೆ. ಡಾಕ್ಟರಿಗೆ ತೊಂದರೆ ತಪ್ಪಿಸಲು ಹೋದರೆ ಮಿಠಾಯಿಗಾರನಿಗೆ ತೊಂದರೆಯಾಗುತ್ತದೆ. ತೊಂದರೆ ಎರಡೂ ಕಡೆಯದು. ಮಾತುಕತೆಗೆ ಖರ್ಚಿಲ್ಲದಿದ್ದರೆ, ಹಕ್ಕು ಯಾರದ್ದೇ ಆಗಿರಲಿ, ಇಬ್ಬರೂ ಕೊಟ್ಟು ತೆಗೆದುಕೊಂಡು ಒಂದು ಒಪ್ಪಂದಕ್ಕೆ ಬರಬಲ್ಲರು.

ಇದು ನನಗೆ ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಹಿಡಿಸಿದ್ದು, ತೊಂದರೆಯನ್ನು ಎರಡೂ ಕಡೆಯಿಂದ ನೋಡುವ ಕ್ರಮ. ನಮ್ಮ ಕಟ್ಟಡ ಎದ್ದದ್ದು 2013ರಲ್ಲಿ. ಕಾಕಾ ಆ ಓಣಿಗೆ ಬಂದದ್ದು ಅದಕ್ಕೆ ಹತ್ತು ವರ್ಷ ಮೊದಲು. ತಗಡಿನ ಮನೆಗಳ ಪಕ್ಕ ಮಲಗುವ ಕೋಣೆ ಕಟ್ಟಿಕೊಂಡವರು ನಾವು. ಹಿಡಿಸದೆ ಹೋದದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಎಂಬ ಆ ‘ಇಲ್ಲದಿದ್ದರೆ’. ನನ್ನ ಬಳಿ ಕಲಮಿನ ನಂಬರು, ಲೆಟರ್‌ಹೆಡ್ಡು, ಅರವತ್ತನಾಲ್ಕು ಮನೆಗಳ ಸಹಿ. ಅವರ ಬಳಿ ಮೂರೂವರೆಯ ಅವಸರ. ಈ ಮಾತುಕತೆ ಸಮಾನರ ನಡುವಿನದ್ದಲ್ಲ. ಅದೇ ತೀರ್ಪಿನಲ್ಲಿ ನ್ಯಾಯಾಧೀಶರು ಇನ್ನೊಂದು ಮಾತು ಹೇಳಿದ್ದರು: ಸಿರಿವಂತರ ಬೆಲ್‌ಗ್ರೇವ್ ಸ್ಕ್ವೇರಿನಲ್ಲಿ ಉಪದ್ರವ ಎನಿಸುವುದು ಚರ್ಮ ಹದಮಾಡುವವರ ಬರ್ಮಂಡ್ಸಿಯಲ್ಲಿ ಉಪದ್ರವ ಎನಿಸಬೇಕಾಗಿಲ್ಲ. ಅಂದರೆ ಸದ್ದಿನ ತಪ್ಪು ಕೇರಿ ನೋಡಿ ಅಳೆಯುವಂಥದ್ದು. ನಮ್ಮ 2000ದ ನಿಯಮಗಳು ಕೈಗಾರಿಕೆ, ವಾಣಿಜ್ಯ, ವಸತಿ, ಮೌನ ವಲಯ ಎಂದು ನಾಲ್ಕು ಪಟ್ಟಿ ಮಾಡಿವೆ. ವಸತಿಯಲ್ಲಿ ಸಿಮೆಂಟಿನ ಮನೆ, ತಗಡಿನ ಮನೆ ಎಂಬ ಭೇದ ಮಾಡಿಲ್ಲ. ಅವರಿಗೂ ರಾತ್ರಿ 45, ಹಗಲು 55.

ಈ ಹಗಲಿನ 55 ನನಗೆ ಅದೇ ವಾರದ ಗುರುವಾರ ಅರ್ಥವಾಯಿತು. ದುರಸ್ತಿಗೆಂದು ಕರೆಂಟ್ ತೆಗೆದಿದ್ದರು. ಮನೆಯಿಂದ ಕೆಲಸ ಮಾಡುತ್ತಿದ್ದವನು ಕಾಕಾರನ್ನು ಕಾಣಲು ಓಣಿಗೆ ಹೋದೆ. ಮಾತು ಕೇಳುತ್ತಲೇ ಇರಲಿಲ್ಲ. ನಮ್ಮ ಸೊಸೈಟಿಯ ಡೀಸೆಲ್ ಜನರೇಟರ್ ಓಡುತ್ತಿತ್ತು. ಅದರ ಹೊಗೆ ಕೊಳವೆ ನಮ್ಮ ಕಡೆಗಿಲ್ಲ, ಹಿಂದಿನ ಕಂಪೌಂಡಿನ ಮೇಲಿಂದ ಓಣಿಯ ಕಡೆ ಮುಖ ಮಾಡಿದೆ. ಮೊದಲ ತಗಡಿನ ಮನೆ ಅಲ್ಲಿಂದ ಹತ್ತು ಹೆಜ್ಜೆ. 2005ರಿಂದ ಈಚೆಗೆ ತಯಾರಾದ ಇಂಥ ಜನರೇಟರಿನ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ನಮ್ಮದು ಅದನ್ನು ಪಾಲಿಸುತ್ತದೆಂದೇ ಇಟ್ಟುಕೊಳ್ಳೋಣ. ಆದರೂ ಆ ಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಕಾಕಾರ ಹೆಂಡತಿ ಸನ್ನೆಯಲ್ಲೇ ಮಾತಾಡಿದರು. ಎಂಟು ವರ್ಷ ನಾನು ಆ ಜನರೇಟರಿನಿಂದ ಲಿಫ್ಟು ಹತ್ತಿದ್ದೇನೆ, ಲ್ಯಾಪ್‌ಟಾಪ್ ಚಾರ್ಜ್ ಮಾಡಿದ್ದೇನೆ. ಅದಕ್ಕೊಂದು ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಅದಕ್ಕೆ ಅಡ್ಡಹೆಸರೂ ಇಲ್ಲ.

ಅವತ್ತು ನನಗೆ ಅಪ್ಪನ ಗಿರಣಿ ನೆನಪಾಯಿತು. ಅಪ್ಪ ಊರಲ್ಲಿ ಡೀಸೆಲ್ ಇಂಜಿನ್ನಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹೊಗೆ ಕೊಳವೆಯ ಬಾಯಿಗೆ ಒಂದು ತಗಡಿನ ಮುಚ್ಚಳ ಕಟ್ಟಿದ್ದರು. ಇಂಜಿನ್ ಓಡಿದರೆ ಅದು ಕುಕ್ ಕುಕ್ ಎಂದು ಎರಡು ಹೊಲದಾಚೆಗೂ ಕೇಳಿಸುತ್ತಿತ್ತು. ಬೇಕೆಂದೇ ಮಾಡಿದ ಸದ್ದು ಅದು. ಗಿರಣಿ ತೆರೆದಿದೆ ಎಂದು ಪಕ್ಕದ ಹಳ್ಳಿಯವರಿಗೂ ಗೊತ್ತಾಗಬೇಕಲ್ಲ. ಒಂದು ವರ್ಷ ಪಕ್ಕದ ಮನೆಯಲ್ಲಿ ಬಾಣಂತನವಾಯಿತು. ಕೂಸು ಬೆಚ್ಚಿ ಬೀಳುತ್ತದೆ ಎಂದು ಆ ಮನೆಯ ಅಜ್ಜ ಬಂದು ಹೇಳಿದರು. ಅಪ್ಪ ಮುಚ್ಚಳ ಬಿಚ್ಚಿ, ಗಿರಣಿಯ ಹಿಂದೆ ಗುಂಡಿ ತೋಡಿ, ಕಲ್ಲು ತುಂಬಿ, ಕೊಳವೆಯನ್ನು ಅದರೊಳಗೆ ಬಿಟ್ಟರು. ಸದ್ದು ನೆಲದೊಳಗೆ ಇಂಗಿದಂತಾಯಿತು. ಗಿರಾಕಿಗಳೂ ಇಂಗಿದರು. ‘ಗಿರಣಿ ಬಂದ್ ಐತಿ ಅನ್ಕೊಂಡ್ವಿ’ ಎಂದು ದೂರದವರು ಬೇರೆ ಊರಿಗೆ ಹೋಗತೊಡಗಿದರು. ಅದನ್ನು ಕೇಳಿದ ಅಜ್ಜ ಮೂರು ತಿಂಗಳು ದಿನಾ ಬೆಳಿಗ್ಗೆ ಅಗಸಿಯ ಕಟ್ಟೆಗೆ ಕೂತು, ತಲೆಯ ಮೇಲೆ ಜೋಳದ ಚೀಲ ಹೊತ್ತು ಹೋಗುವವರನ್ನೆಲ್ಲ ‘ಗಿರಣಿ ಚಾಲೂ ಐತಿ ನಡೀರಿ’ ಎಂದು ಕಳಿಸಿಕೊಟ್ಟರು. ಕೂಸಿನ ನಿದ್ದೆಗೆ ಅಪ್ಪ ಗುಂಡಿ ತೋಡಿದರು, ಅಜ್ಜ ಬಾಯಿ ಸವೆಸಿದರು. ಅವರಿಬ್ಬರೂ ಕೋಸ್‌ನ ಹೆಸರು ಕೇಳಿದವರಲ್ಲ.

ಗಿರಣಿಯ ಆ ವ್ಯವಸ್ಥೆಯಲ್ಲಿ ಇದ್ದದ್ದೇ ನಮ್ಮ ದೂರಿನಲ್ಲಿ ಇರಲಿಲ್ಲ ಅನಿಸಿತು. ನಿಶ್ಶಬ್ದಕ್ಕೆ ಬೆಲೆ ಇದೆ, ಯಾರಾದರೂ ಅದನ್ನು ತೆರಲೇಬೇಕು. ನನ್ನ ಕರಡು ಆ ಬೆಲೆಯನ್ನೆಲ್ಲ ಒಬ್ಬರ ಮೇಲೆ ಹೊರಿಸಿ, ಲಾಭವನ್ನೆಲ್ಲ ಅರವತ್ತನಾಲ್ಕು ಮನೆಗಳಿಗೆ ಹಂಚಿ, ಅದನ್ನು ನ್ಯಾಯ ಎಂದು ಕರೆದಿತ್ತು.

ಸೊಸೈಟಿಯ ಸಭೆಯಲ್ಲಿ ಇದನ್ನೇ ಹೇಳಿದೆ. ರಿಪೇರಿಯ ಖರ್ಚಿನಲ್ಲಿ ನಾವೂ ಪಾಲು ಹಾಕೋಣ ಎಂದೆ. ಒಪ್ಪಲಿಲ್ಲ. ಒಪ್ಪದವರ ವಾದ ಹಗುರಾದದ್ದಲ್ಲ. ಒಬ್ಬರು ವಕೀಲರು, ಮಾಲಿನ್ಯ ಮಾಡಿದವನೇ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1996ರ ವೆಲ್ಲೂರು ಪ್ರಕರಣದಲ್ಲೇ ಒಪ್ಪಿದೆ ಎಂದು ನೆನಪಿಸಿದರು. ಇನ್ನೊಬ್ಬರು, ಇವತ್ತು ಇವರ ಸೈಲೆನ್ಸರ್, ನಾಳೆ ಇನ್ನೊಬ್ಬರ ಹಾರ್ನು, ಎಲ್ಲಿಗೆ ನಿಲ್ಲುತ್ತದೆ ಎಂದರು. ಕೂಸಿನ ತಾಯಿ ಕೇಳಿದ್ದು ಎಲ್ಲಕ್ಕಿಂತ ನೇರ: “ಅವರು ಬಡವರು, ಸರಿ. ನನ್ನ ಮಗುವಿನ ಕಿವಿಗೆ ಅದು ಗೊತ್ತಾಗುತ್ತದೆಯೇ?”

ಇಲ್ಲ, ಗೊತ್ತಾಗುವುದಿಲ್ಲ. ಬಡತನ ಸದ್ದು ಮಾಡಲು ಕೊಟ್ಟ ಪರವಾನಗಿಯಲ್ಲ. ಮೊದಲು ಬಂದವರೆಂಬುದೂ ಅಲ್ಲ, ಲಂಡನ್ನಿನ ಮಿಠಾಯಿಗಾರನಿಗೇ ಅದು ಒದಗಲಿಲ್ಲ. ಸದ್ದು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾರ ಖರ್ಚಿನಲ್ಲಿ ಎಂಬುದಷ್ಟೇ ಪ್ರಶ್ನೆ. ವೆಲ್ಲೂರಿನಲ್ಲಿ ಪ್ರಶ್ನೆಗೆ ಬಂದದ್ದು ಲಾಭ ಜೇಬಿಗಿಳಿಸಿ ಕೊಳಚೆಯನ್ನು ಊರಿನ ನೀರಿಗೆ ಬಿಟ್ಟ ಚರ್ಮದ ಕಾರ್ಖಾನೆಗಳು. ಇಲ್ಲಿ ಏಳು ಗಂಟೆಗೆ ಗೇಟಿನಲ್ಲಿ ತಾಜಾ ಮೆಂತ್ಯ ಬೇಕು, ಅದೂ ಅಂಗಡಿಗಿಂತ ಎರಡು ರೂಪಾಯಿ ಕಡಿಮೆಗೆ ಬೇಕು ಎನ್ನುವವರು ನಾವು. ಮೂರೂವರೆಗೆ ಆ ಗಾಡಿ ಹೊರಡುವುದರಲ್ಲಿ ನಮ್ಮ ಕೈಯೂ ಇದೆ. ಚೌಕಾಶಿ ಮಾಡಿ ಉಳಿಸಿದ ಎರಡು ರೂಪಾಯಿಗಳೇ ಬದಲಾಗದೆ ಉಳಿದ ಆ ಸೈಲೆನ್ಸರ್ ಎಂದರೆ ತೀರಾ ತಪ್ಪಾಗದು. ಹಾಗಾದರೆ ಮಾಲಿನ್ಯ ಮಾಡಿದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇರಬೇಕಲ್ಲವೇ?

ಸಭೆಯ ಉತ್ತರ, ಸೊಸೈಟಿಯ ದುಡ್ಡು ಕೊಡುವಂತಿಲ್ಲ, ಬೇಕಾದವರು ಸ್ವಂತಕ್ಕೆ ಕೊಡಬಹುದು. ಹದಿಮೂರು ಮನೆಯವರು ಮುಂದೆ ಬಂದರು. ಕೂಸಿನ ತಾಯಿಯೂ ಒಬ್ಬರು.

ಭಾನುವಾರ ಮಧ್ಯಾಹ್ನ, ಮಾರಾಟ ಮುಗಿದ ಮೇಲೆ, ಕಾಕಾರ ಜೊತೆ ಗ್ಯಾರೇಜಿಗೆ ಹೋದೆ. ಇಂಜಿನ್ ಆರಲೆಂದು ಕಾದು, ಮೆಕ್ಯಾನಿಕ್ ಮತ್ತೆ ಸ್ಟಾರ್ಟ್ ಮಾಡಿಸಿ, ಹಿಂದಿನ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ. ಹೊರಹೋಗಲು ದಾರಿ ಕಾಣದ ಹೊಗೆ ತೂತಿದ್ದಲ್ಲೆಲ್ಲ ಫುಸ್ ಫುಸ್ ಎಂದಿತು. ಮೂರು ಕಡೆ: ಇಂಜಿನ್ನಿನ ಬುಡದ ಜೋಡಣೆಯಲ್ಲಿ ಗ್ಯಾಸ್ಕೆಟ್ ಸುಟ್ಟು ಸುತ್ತಲೂ ಮಸಿ, ನಡುವಿನ ಪೈಪಿನ ಹಳೆ ವೆಲ್ಡಿಂಗ್, ಮತ್ತು ಸೈಲೆನ್ಸರ್ ಡಬ್ಬಿಯ ಹೊಟ್ಟೆ. ಬುಡದ ತೂತಿನಿಂದಲೇ ಕ್ಯಾಬಿನ್ನಿಗೆ ಹೊಗೆ. ಡಬ್ಬಿ ಬಿಚ್ಚಿ ಅಲುಗಿಸಿದರೆ ಒಳಗೆ ತುಕ್ಕಿನ ಚೂರುಗಳು ಗಲಗಲ ಎಂದವು. ದೂರ ಓಡದ, ಪೂರಾ ಬಿಸಿಯಾಗದ ಗಾಡಿಯಲ್ಲಿ ಹೊಗೆಯ ನೀರಾವಿ ಡಬ್ಬಿಯೊಳಗೇ ನೀರಾಗಿ ನಿಂತು ಒಳಗಿನಿಂದ ತಿನ್ನುತ್ತದಂತೆ.

ನನ್ನ ಎಂಟೆಕ್ ಕಂಪ್ಯೂಟರಿನದು. ಸೈಲೆನ್ಸರಿನೊಳಗೆ ಏನಿರುತ್ತದೆಂದು ನಾನು ಕಂಡದ್ದು ಅವತ್ತೇ. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 27 ಸಲ ಬಿಸಿ ಅನಿಲ ಹೊರಗೆ ಗುದ್ದುತ್ತದೆ. ಇಷ್ಟು ಕೆಳಸ್ತರದ ಸದ್ದು ಗೋಡೆ, ಗಾಜು ಯಾವುದಕ್ಕೂ ಜಗ್ಗುವುದಿಲ್ಲ. ಕಿವಿಯ ಮೇಲೆ ದಿಂಬು ಇಟ್ಟರೂ ಎದೆಗೆ ತಾಗುತ್ತದೆ. ಡಬ್ಬಿಯೊಳಗೆ ಅಡ್ಡಗೋಡೆಗಳು, ತೂತು ಕೊರೆದ ಕೊಳವೆಗಳು. ಆ ಗುದ್ದು ಅಗಲವಾದ ಕೋಣೆಗೆ ಬಂದು ಹರಡುತ್ತದೆ, ಗೋಡೆಗೆ ಬಡಿದು ಹಿಂದಿರುಗುತ್ತದೆ, ಹಿಂದಿರುಗಿದ ಅಲೆ ಎದುರು ಬರುವ ಅಲೆಯನ್ನು ಸಂಧಿಸಿ ಎರಡೂ ಕುಗ್ಗುತ್ತವೆ. ಸುಮ್ಮನೆ ಬಾಯಿ ಬಿಗಿದರೆ ಆಗುವುದಿಲ್ಲ. ಕೊಳವೆ ಕಿರಿದಾದರೆ ಹೊಗೆ ಹಿಂದಕ್ಕೆ ಒತ್ತಿ ಇಂಜಿನ್ನಿನ ಜೀವ ಹಿಂಡುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಹೊಗೆಗೆ ದಾರಿ ಬಿಟ್ಟು ಸದ್ದನ್ನು ಮಾತ್ರ ತಡೆಯುವುದು ಅದರ ಕಸುಬು. ಗುಂಡಿಗೆ ಕಲ್ಲು ತುಂಬುವಾಗ ಅಪ್ಪ ಮಾಡಿದ್ದೂ ಇದನ್ನೇ. ಮಣ್ಣು ತುಂಬಿದ್ದರೆ ಇಂಜಿನ್ ಉಸಿರುಗಟ್ಟುತ್ತಿತ್ತು.

ಗ್ಯಾಸ್ಕೆಟ್, ಬೋಲ್ಟು, ಪೈಪಿನ ತುಂಡು, ಹೊಸ ಡಬ್ಬಿ, ನೇತುಹಾಕುವ ರಬ್ಬರು, ಕೂಲಿ ಎಲ್ಲ ಸೇರಿ 7,800 ರೂಪಾಯಿ. ಹದಿಮೂರು ಮನೆಗಳಿಂದ ತಲಾ 600 ಎಂದು ನಾನು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಜೇಬಿಗೆ ಕೈ ಹಾಕಿದೆ. ಕಾಕಾ ನನ್ನ ಕೈ ಹಿಡಿದರು.

“ಅರ್ಧಾ ಕೊಡ್ರಿ ಸಾಹೇಬ್ರ. ಪೂರಾ ಕೊಟ್ರ ಗಾಡಿ ನಿಮ್ದಾಗ್ತದ.”

ಮನೆಗೊಂದಕ್ಕೆ 300ರಂತೆ 3,900 ತೆಗೆದುಕೊಂಡರು. ಉಳಿದರ್ಧ ಅವರದು. ಸಭೆಯಲ್ಲಿ ಅಷ್ಟು ಹೊತ್ತು ವಾದ ಮಾಡಿದ ನನಗೆ ಹೊಳೆಯದೇ ಇದ್ದದ್ದು ಅದು. ಎಲ್ಲ ಬೆಲೆಯನ್ನೂ ಅವರ ಮೇಲೆ ಹೊರಿಸುವುದು ಅನ್ಯಾಯವಾದರೆ, ಎಲ್ಲವನ್ನೂ ನಾವೇ ಹೊತ್ತು ಬಿಡುವುದು ಇನ್ನೊಂದು ಬಗೆಯ ಅನ್ಯಾಯ. ಮುಂದೆ ಅವರು ನಮ್ಮ ಗೇಟಿನಲ್ಲಿ ನಿಂತಾಗ ‘ನಾವು ಕೊಡಿಸಿದ ಸೈಲೆನ್ಸರ್’ ಎಂಬ ಮಾತು ಯಾರ ಬಾಯಲ್ಲಾದರೂ ಬರುತ್ತಿತ್ತು, ಬಹುಶಃ ನನ್ನ ಬಾಯಲ್ಲೇ. ಕೊಡುವವರಿಗೆ ಕೊಟ್ಟೆವೆಂಬ ಹಕ್ಕು ಹುಟ್ಟದಂತೆ, ತೆಗೆದುಕೊಳ್ಳುವವರಿಗೆ ಋಣ ಕುತ್ತಿಗೆಗೆ ಬರದಂತೆ ಅವರು ಆ ಅರ್ಧದಲ್ಲೇ ಗೆರೆ ಎಳೆದರು.

ಈಗ ಮೂರೂವರೆಗೆ ಗಾಡಿ ಹೊರಡುವುದು ಕೇಳಿಸುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹಳೆಯ ಡೀಸೆಲ್ ಇಂಜಿನ್, ಕೇಳಿಸುತ್ತದೆ. ಆದರೆ ಗಾಜು ನಡುಗುವುದಿಲ್ಲ, ಕೂಸು ಏಳುವುದಿಲ್ಲ. ಅಜ್ಜ ಏಳುತ್ತಾರಂತೆ, ಅದು ಅಭ್ಯಾಸ ಎನ್ನುತ್ತಾರೆ. ಕಾಕಾರ ಕಿವಿಯ ಜೀರುಂಡೆ ಮಾತ್ರ ಹೋಗಿಲ್ಲ. ಅಂಥದ್ದು ಬಂದ ಮೇಲೆ ಹೋಗುವುದು ಕಷ್ಟವೆಂದು ಕಿವಿಯ ಡಾಕ್ಟರು ಹೇಳಿದರಂತೆ. ನಾವು ಎಂಟು ತಿಂಗಳು ಗುಂಪಿನಲ್ಲಿ ನಗುವ ಬದಲು ಮೊದಲನೆಯ ದಿನವೇ ಓಣಿಗೆ ಇಳಿದಿದ್ದರೆ ಏನಾಗುತ್ತಿತ್ತೋ. ಈ ಲೆಕ್ಕದಲ್ಲಿ ಅರ್ಧರ್ಧ ಹಂಚಲು ಬರುವುದಿಲ್ಲ.

ಜನರೇಟರಿನ ಹೊಗೆ ಕೊಳವೆಯನ್ನು ತಾರಸಿಗಿಂತ ಎತ್ತರಕ್ಕೆ ಒಯ್ಯಬೇಕು, ಇನ್ನೂ ಒಳ್ಳೆಯ ಸೈಲೆನ್ಸರ್ ಹಾಕಿಸಬೇಕು ಎಂಬ ನನ್ನ ಪ್ರಸ್ತಾಪವನ್ನು ಎರಡು ಸಭೆ ಮುಂದೂಡಿದ್ದಾರೆ. ಖರ್ಚು ಹೆಚ್ಚು, ಯಾರೂ ದೂರು ಕೊಟ್ಟಿಲ್ಲ ಎಂಬುದು ಕಾರಣ. ನಿಜ, ಓಣಿಯವರು ಯಾರೂ ಕೊಟ್ಟಿಲ್ಲ. ಹಳೆಯ ಕರಡು ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ. ನಿಯಮಗಳು ಅವೇ. ಈ ಶನಿವಾರ ಕೂತು ರಾತ್ರಿಯ 45 ಇದ್ದಲ್ಲಿ ಹಗಲಿನ 55 ಎಂದು ತಿದ್ದಿ, ನಮ್ಮ ಸೆಕ್ರೆಟರಿಯ ಹೆಸರಿಗೇ ಬರೆಯುತ್ತಿದ್ದೇನೆ. ಓಣಿಯವರ ಸಹಿ ಕೇಳುವ ಮೊದಲು ಟ್ಯಾಂಕರಿನ ಚಾಲಕನನ್ನೂ ಮಾತಾಡಿಸಬೇಕು. ಅವನ ಮನೆಯೂ ಅದೇ ಸಾಲಿನಲ್ಲಿದೆ ಎಂದು ಕಾಕಾ ಹೇಳಿದರು.